ಕೆಂಪು ಹಾಳೆಗೆ ನಾನು ಹಾಕಿದ ತೇಪೆ

ಆಗ ನನಗೆ ಇಪ್ಪತ್ತೆಂಟು. ನಲವತ್ತು ವರ್ಷದ ಮೇಲಾಯಿತು.

ಶಿರಾದಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಶೀಟಿನ ಷೆಡ್ಡಿತ್ತು. ಅಲ್ಲಿ ನಾವು ಆರು ಹೆಂಗಸರು ಕಂಪ್ಯೂಟರ್ ಚಿಪ್ಪಿನ ನಕ್ಷೆ ಕೊಯ್ಯುತ್ತಿದ್ದೆವು. ನಂಬದಿದ್ದರೆ ಬಿಡಿ. ಉಗುರಿಗಿಂತ ಸಣ್ಣ ಚಿಪ್ಪಿಗೆ ಮೊದಲು ಚಾಪೆಯಷ್ಟು ದೊಡ್ಡ ನಕ್ಷೆ ಬೇಕು. ಗಾಜಿನಂಥ ಹಾಳೆ, ಅದರ ಮೇಲೆ ತೆಳ್ಳಗೆ ಕೆಂಪು ಪೊರೆ. ಕೆಳಗೆ ಬರೆದ ಕಾಗದವಿಟ್ಟು, ಗೆರೆಗುಂಟ ಚಾಕುವಿನಲ್ಲಿ ಕೊಯ್ದು, ಬೇಡದ ಪೊರೆ ಸುಲಿಯಬೇಕು. ಉಳಿದ ಕೆಂಪು ಗೆರೆಯೇ ಕರೆಂಟು ಹರಿಯುವ ದಾರಿ. ಬೆಂಗಳೂರಿನಲ್ಲಿ ಅದರ ಫೋಟೋ ಹಿಡಿದು ಕುಗ್ಗಿಸುತ್ತಿದ್ದರು. ಒಂದು ಚಿಪ್ಪಿಗೆ ಆರು ಹಾಳೆ, ಒಬ್ಬೊಬ್ಬರಿಗೆ ಒಂದು.

ನಾನು ಓದಿದ್ದು ಎರಡನೇ ಕ್ಲಾಸು. ಕೊಯ್ಯುವುದಕ್ಕೆ ಓದು ಬೇಕಿರಲಿಲ್ಲ, ಅಲುಗದ ಕೈ ಬೇಕಿತ್ತು. ನನ್ನ ಕೈ ಅಲುಗುತ್ತಿರಲಿಲ್ಲ.

ಕೊಯ್ದು ಮುಗಿಸಿದ ಕೂಡಲೇ ಸೂಪರ್‌ವೈಸರು ಕಾಗದ ಇಸಿದುಕೊಂಡು ಬೀರುವಿಗೆ ಬೀಗ ಹಾಕುತ್ತಿದ್ದ. ನನಗಿಂತ ಚಿಕ್ಕವನು. ಆರೂ ಹಾಳೆ ಸೇರಿದ ಪೂರ್ತಿ ನಕ್ಷೆಯನ್ನು ನಾವು ಯಾರೂ ಕಂಡಿರಲಿಲ್ಲ.

ನಮ್ಮದು ತಾವರೆಕೆರೆ ಕಡೆ, ಕುರಿ ಸಾಕಿ ಕಂಬಳಿ ನೇಯುವ ಮನೆ. ನೇಯುವ ಮೊದಲು ನೂಲನ್ನು ಬೀದಿಯುದ್ದಕ್ಕೂ ಕಟ್ಟಿ ಹುಣಸೆಬೀಜದ ಗಂಜಿ ಬಳಿಯುತ್ತಾರೆ. ದಾರಿಯಲ್ಲಿ ಹೋಗುವವರು ಯಾರೇ ಆಗಲಿ, ಹರಿದ ಎಳೆ ಕಂಡರೆ ನಿಂತು ಗಂಟು ಹಾಕಿಯೇ ಹೋಗಬೇಕು. ಯಾರ ಕಂಬಳಿ ಎಂದು ಕೇಳುವುದಿಲ್ಲ. ನೋಡಿಯೂ ಹೋದವಳಿಗೆ ಬೈಗುಳ.

ಆ ಅಭ್ಯಾಸ ಇಲ್ಲಿ ಕೈ ಕೊಟ್ಟಿತು. ಒಂದು ಮಧ್ಯಾಹ್ನ ಪಕ್ಕದ ಮೇಜಿನವಳು ಊಟಕ್ಕೆ ಹೋಗಿದ್ದಳು. ಶಿರಾದವಳೇ, ಮುಸ್ಲಿಮರ ಮನೆಯ ಹೆಂಗಸು, ಬೀಡಿ ಕಟ್ಟಿ ಪಳಗಿದ ಕೈ. ಗಂಡ ಹಾಸಿಗೆ ಹಿಡಿದಿದ್ದ, ಮನೆ ನಡೆಯುತ್ತಿದ್ದುದು ಇವಳ ಕೆಲಸದಿಂದ. ಅವಳು ಮುಗಿಸಿಟ್ಟ ಹಾಳೆಯಲ್ಲಿ ಒಂದು ಗೆರೆ ಅಕ್ಕಿಕಾಳಿನಷ್ಟು ತುಂಡಾಗಿ ಕಂಡಿತು. ಕೆಂಪು ಟೇಪು ಅಂಟಿಸಿ ಕೂಡಿಸಿಬಿಟ್ಟೆ. ಹೇಳಲೂ ಇಲ್ಲ. ಹೇಳುವಂಥ ವಿಷಯ ಅನ್ನಿಸಲೇ ಇಲ್ಲ.

ಸಂಜೆ ಸೂಪರ್‌ವೈಸರು ಆ ಹಾಳೆ ಹಿಡಿದು ಒಳಕೋಣೆಯಿಂದ ಬಂದ. ಪಾವಗಡದ ಕಡೆಯವನು, ಸಿಟ್ಟು ಬಂದರೆ ತೆಲುಗು.

"ಎವರು ಚೇಸಿಂದಿ ಇದಿ? ಯಾರು ಮಾಡಿದ್ದು ಇದು? ಸೇರಬಾರದ ಎರಡು ಗೆರೇನ ಸೇರ್ಸಿಟ್ಟಿದ್ದೀಯಲ್ಲ! ನಾಳೆಯಿಂದ ಬರಬೇಡ ಹೋಗಮ್ಮ," ಎಂದು ಅವಳ ಮೇಲೆ ಹಾರಿದ.

"ಅಲ್ಲಾ ಕಸಮ್ ಸಾರ್, ನಾನು ಟೇಪು ಮುಟ್ಟೇ ಇಲ್ಲ!"

"ಮುಟ್ಟಿದ್ದು ನಾನು," ಎಂದೆ.

"ಅವಳ ಹಾಳೆ ನೀನ್ಯಾಕಮ್ಮ ಮುಟ್ಟಿದ್ದು?"

"ಹರಿದಿತ್ತು, ಕೂಡ್ಸಿದೆ."

"ಇದೇನು ಕಂಬಳೀನಾ?"

"ಅದೇನು ಅಂತ ನಂಗೆಂಗೆ ಗೊತ್ತಾಯ್ತದೆ ಸಾರ್? ಪೂರ್ತಿ ನಕ್ಷೇನ ನೀವು ಬೀರೂನಾಗಿಟ್ಕೊಂಡು ಕುಂತಿದ್ದೀರ. ನೋಡಿದ್ರೆ ನಾನ್ಯಾಕೆ ಅಂಟಿಸ್ತಿದ್ದೆ?"

"ಅದು ಕಂಪ್ನಿ ಗುಟ್ಟಮ್ಮ."

"ಕದ್ಕೊಂಡೋಗಿ ನಾವೇನು ಸಾರಿಗೆ ಹಾಕಾನಾ? ಈಚೆಗೆ ತಂದು ಹಾಸಿ. ಆರೂ ಹಾಳೆ ಒಂದ್ರ ಮೇಲೊಂದಿಡಿ. ನನ್ನ ತ್ಯಾಪೆ ಬುಟ್ಟು ಬ್ಯಾರೆ ತಪ್ಪು ಸಿಗದಿದ್ರೆ ನಾನೇ ಕೆಲ್ಸ ಬುಟ್ಟೋಯ್ತೀನಿ. ಅವಳನ್ನ ಕಳಿಸಬ್ಯಾಡಿ."

ಹನ್ನೆರಡು ಕಣ್ಣು ನೋಡಿದರೆ ತಪ್ಪು ಸಿಕ್ಕೇ ಸಿಗುತ್ತದೆ ಎಂದು ನನಗೆ ಗೊತ್ತಿತ್ತು. ಅವನಿಗೂ ಬೇರೆ ದಾರಿ ಇರಲಿಲ್ಲ, ಎರಡು ದಿನದಲ್ಲಿ ಹಾಳೆಗಳು ಬೆಂಗಳೂರಿಗೆ ಹೋಗಬೇಕಿತ್ತು. ಬೀರು ತೆಗೆದ. ಗಾಜಿನ ಮೇಜಿನ ಕೆಳಗೆ ಟ್ಯೂಬ್‌ಲೈಟು ಹಾಕಿ ಹಾಳೆಗಳನ್ನು ಜೋಡಿಸಿದ, ಪಕ್ಕದಲ್ಲಿ ನಕ್ಷೆ ಹರಡಿದ. ನಾವು ಸುತ್ತ ಬಗ್ಗಿದೆವು. ಮೊದಲು ಬೆರಳಿಟ್ಟವಳು ಪಕ್ಕದ ಮೇಜಿನವಳೇ.

"ಇಲ್ಲಿ ನೋಡಿ ಸಾರ್, ನಕ್ಷೇಲಿ ಚೌಕ ಐತೆ. ಹಾಳೇಲಿ ಸುಲಿದೇ ಇಲ್ಲ."

ಅದು ನನ್ನ ಹಾಳೆ. ಒಪ್ಪಿಕೊಂಡೆ.

"ನಂದು ರಿಪೇರಿ ಮಾಡಾಕೆ ಬಂದ್ಯಲ್ಲಕ್ಕ, ನಿಂದು ಯಾರು ಮಾಡಾದು?" ಎಂದು ನಕ್ಕಳು.

ಆಮೇಲೆ ಇನ್ನೊಬ್ಬಳು, ಅಂಟಿಕೊಂಡಿದ್ದ ಎರಡು ಗೆರೆ ಹುಡುಕಿದಳು. ಸೂಪರ್‌ವೈಸರು ಒಳಗೆ ಒಬ್ಬನೇ ಕುಳಿತು ಎಲ್ಲ ನೋಡಿದ್ದ, ಅವನಿಗೆ ಕಂಡದ್ದು ನನ್ನ ಟೇಪೊಂದೇ. ಅದನ್ನು ಅಲ್ಲೇ ಕಿತ್ತು ಹಾಕಿದೆ. "ನಾಳೆ ಇಬ್ರೂ ಕೆಲ್ಸಕ್ಕೆ ಬನ್ನಿ," ಎಂದ, ನೆಲ ನೋಡಿಕೊಂಡು. ನಕ್ಷೆಯನ್ನು ಬೀರುವಿಗೆ ಇಡಲಿಲ್ಲ, ಗೋಡೆಗೆ ಮೊಳೆ ಹೊಡೆಸಿ ನೇತುಹಾಕಿದ.

ಈಗ ಚಿಪ್ಪಿನ ನಕ್ಷೆ ಬರೆಯುವ ಸಾಧನವನ್ನೇ ಕಂಪ್ಯೂಟರಿನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರಂತೆ. ಯಾವ ದೇಶದವರಾದರೂ ನೋಡಿ ತಿದ್ದಬಹುದಂತೆ. ದೊಡ್ಡ ಸಂಗತಿಯೆಂದು ಹೇಳುತ್ತಾರೆ. ನನಗೆ ಆಶ್ಚರ್ಯವಿಲ್ಲ, ಮೊದಲೇ ಮಾಡಬೇಕಿತ್ತು.

ಆ ಸಂಜೆಯ ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಆ ಚೌಕ ಸುಲಿದೆ. ಹಾಳೆಯನ್ನು ಪಕ್ಕದವಳ ಮೇಜಿನ ಮೇಲೆ ಹಾಸಿ, "ಇನ್ನೂ ಏನಾದ್ರೂ ಐತಾ ನೋಡೇ," ಎಂದು ಹೇಳಿ ಟೀ ಕುಡಿಯಲು ಹೋದೆ.