ಮೇಲಿನ ಮನೆಗೆ ಸೂತಕವಿಲ್ಲ

ಮಗ್ಗದ ಮನೆಯ ಅಜ್ಜಿಯ ಬಿಳಿ ತಲೆಯಲ್ಲಿ ಯಾವಾಗಲೂ ಬಣ್ಣದ ನೂಲಿನ ಚೂರುಗಳು ಸಿಕ್ಕಿಕೊಂಡಿರುತ್ತಿದ್ದವು. ಒಂದು ವಾರ ಗಿಳಿಹಸಿರು, ಇನ್ನೊಂದು ವಾರ ಕುಂಕುಮದ ಕೆಂಪು. ಕೆಳಗೆ ಯಾವ ಸೀರೆ ನೇಯುತ್ತಿದ್ದಾರೆ ಎಂದು ತಿಳಿಯಲು ಮಗ್ಗದ ಶೆಡ್ಡಿಗೆ ಇಣುಕಬೇಕಾಗಿರಲಿಲ್ಲ, ಅವರ ತಲೆ ನೋಡಿದರೆ ಸಾಕಿತ್ತು. ಬಾಚಿಕೊಳ್ಳಿ ಅಜ್ಜಿ ಎಂದರೆ, ಸಂಜೆಗೆ ಮತ್ತೆ ಸಿಕ್ಕಿಕೊಳ್ಳುತ್ತದೆ, ಯಾರಿಗೆ ಬೇಕು ಆ ಕೆಲಸ ಎನ್ನುತ್ತಿದ್ದರು.

ದೊಡ್ಡಬಳ್ಳಾಪುರದಲ್ಲಿ ಅವರ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ಹೈಸ್ಕೂಲಿನಲ್ಲಿ ಪಾಠ ಮಾಡುವ ಕೆಲಸ. ಗಂಡನಿಂದ ಬೇರೆಯಾಗಿ ಬಂದಿದ್ದೆ. ತವರಿನಲ್ಲಿ ಅಪ್ಪ ಅಮ್ಮ ಇಬ್ಬರೂ ತೀರಿಹೋಗಿದ್ದರು. ಮನೆ ನೋಡಲು ಹೋದ ದಿನ ಅಜ್ಜಿ, ಯಾವ ಕಡೆಯವರು, ಯಾರ ಪೈಕಿ ಎಂದು ವಿಚಾರಿಸಿದರು. ಆಗ ನನಗೆ ಲೋಕದ ಮೇಲೆಲ್ಲ ಸಿಟ್ಟು. ಯಾರ ಪೈಕಿಯೂ ಅಲ್ಲ ಎಂದುಬಿಟ್ಟೆ. ಅವರು ನನ್ನನ್ನು ಒಂದು ಗಳಿಗೆ ನೋಡಿ, "ಆಯ್ತು ಬಿಡು. ನಲ್ಲಿ ನೀರು ಬೆಳಿಗ್ಗೆ ಬರೋದು, ಹಿಡ್ಕೊಳೋದು ಮರೀಬೇಡ," ಎಂದರು. ಮನೆ ಸಿಕ್ಕಿತು.

ಮಗ್ಗದ ಸದ್ದಿನ ನಡುವೆಯೇ ಮುದುಕಿಯಾದವರು, ಮೆಲ್ಲಗೆ ಮಾತಾಡುವುದು ಅವರಿಗೆ ಗೊತ್ತಿರಲಿಲ್ಲ. ಕರೆಂಟ್ ಹೋಗಿ ಬೀದಿಯೆಲ್ಲ ತಣ್ಣಗಾದಾಗಲೂ ಅದೇ ದನಿ. ಸೊಸೆಯ ಅಡುಗೆಯ ಗುಟ್ಟು, ನನ್ನ ಸಂಸಾರದ ಗುಟ್ಟು ಎಲ್ಲವೂ ಆಗ ಮೂರು ಬೀದಿಗೆ ಕೇಳಿಸುತ್ತಿದ್ದವು. ಕರೆಂಟ್ ಹೋದರೆ ಸಾಕು, ನನ್ನ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದರು. "ಮಗ್ಗ ನಿಂತ್ರೇನೇ ನೋಡು, ನಂಗೆ ಕಾಲು ನೋವಿದೆ ಅಂತ ಗೊತ್ತಾಗೋದು," ಎನ್ನುತ್ತಿದ್ದರು. ನಾನು ಕಾಲು ಒತ್ತಲು ಹೋದರೆ ಕೈ ತಳ್ಳಿಬಿಡುತ್ತಿದ್ದರು.

ಒಮ್ಮೆ ಜ್ವರ ಬಂದು ನನ್ನ ಕೀಲುಗಳೆಲ್ಲ ಹಿಡಿದುಕೊಂಡವು. ಜ್ವರ ಬಿಟ್ಟ ಮೇಲೂ ಕೈ ಎತ್ತಲಾಗುತ್ತಿರಲಿಲ್ಲ. ಶಾಲೆಗೆ ಹೊರಡುವ ಹೊತ್ತಿಗೆ ಅಜ್ಜಿ ಮೇಲೆ ಬಂದು ಜಡೆ ಹಾಕಿ ಕಳಿಸುತ್ತಿದ್ದರು. ಹುಬ್ಬು ಹಣೆಗೇರುವಷ್ಟು ಬಿಗಿ. ತಲೆನೋವು ಬರುತ್ತಿತ್ತು. ಕೈ ಸರಿಹೋದ ಮೇಲೂ ಕೆಲವು ದಿನ ನಾನು ಹೇಳಲಿಲ್ಲ.

ಅದರ ಮುಂದಿನ ವರ್ಷ ರಾಜಘಟ್ಟದಲ್ಲಿ ಅವರ ದಾಯಾದಿಯೊಬ್ಬರು ತೀರಿಕೊಂಡರು. ಕೆಳಗಿನ ಮನೆಗೆ ಸೂತಕ. ದೇವರಿಗೆ ದೀಪವಿಲ್ಲ, ಬಾಗಿಲಿಗೆ ರಂಗೋಲಿಯಿಲ್ಲ. ಯಾರೂ ಹೇಳದಿದ್ದರೂ ನಾನೂ ಮೇಲೆ ದೀಪ ಹಚ್ಚುವುದನ್ನು ನಿಲ್ಲಿಸಿದೆ. ಒಂದೇ ಬಾಗಿಲಲ್ಲಿ ಓಡಾಡುವವರು, ನನಗೂ ತಗಲುತ್ತದೆ ಎಂದುಕೊಂಡಿದ್ದೆ. ಅಜ್ಜಿ ಏನೋ ಕೇಳಲು ಬಂದವರು ಹೊಸ್ತಿಲಾಚೆಯೇ ನಿಂತು, ಕತ್ತಲಾಗಿದ್ದ ದೇವರ ಗೂಡನ್ನು ನೋಡಿ ಯಾಕೆಂದು ಕೇಳಿದರು. ಕಾರಣ ಹೇಳಿದೆ. ಅವರು ನಕ್ಕ ನಗೆಗೆ ಸೊಸೆ ಕೆಳಗಿನಿಂದ ಏನಾಯಿತೆಂದು ಕೂಗಿದಳು.

"ಅವನು ನಮ್ ಗೋತ್ರದೋನು ಕಣಮ್ಮ, ನಿಂಗ್ಯಾಕೆ ಸೂತಕ? ನಿನ್ ದೇವ್ರು ಏನ್ ತಪ್ಪು ಮಾಡಿದ್ದ, ಪಾಪ, ಕತ್ತಲಲ್ಲಿ ಕೂರ್ಸಿದ್ದೀಯಲ್ಲ."

ನಾನೂ ನಕ್ಕೆ. ದೀಪ ಹಚ್ಚುವಾಗ ಮಾತ್ರ ಮನಸ್ಸು ಪಿಚ್ಚೆಂದಿತು. ನಾನು ಆ ಮನೆಯವಳಲ್ಲ ಎಂದು ಅವರ ಬಾಯಲ್ಲಿ ಬಂದದ್ದು ಅದೊಂದೇ ಸಲ, ಅದೂ ನನ್ನ ದೇವರ ಮೇಲಿನ ಕನಿಕರಕ್ಕೆ.

ಹೋದ ಚಳಿಗಾಲದಲ್ಲಿ ಅಜ್ಜಿ ನೂಲು ಸುತ್ತುತ್ತಾ ಕುಳಿತಲ್ಲೇ ಒರಗಿಕೊಂಡವರು ಮತ್ತೆ ಏಳಲಿಲ್ಲವಂತೆ. ಸೊಸೆಯ ಫೋನು ಬಂದಾಗ ನಾನು ತರಗತಿಯಲ್ಲಿದ್ದೆ. ಮನೆ ಮುಟ್ಟಿದಾಗ ಕರೆಂಟ್ ಇತ್ತು, ಮಗ್ಗಗಳು ನಿಂತಿದ್ದವು. ಅಳು ಬರಲಿಲ್ಲ. ಬಾಗಿಲಲ್ಲಿ ಚಪ್ಪಲಿಗಳು ಚೆಲ್ಲಾಪಿಲ್ಲಿಯಾಗಿದ್ದವು, ಅವನ್ನು ಜೋಡಿಸಿದೆ. ಯಾರೋ ನೀರು ಕೇಳಿದರು, ತಂದುಕೊಟ್ಟೆ. ಯಾರಿಗೋ ಆದಂತೆ ಎಲ್ಲವೂ ಆಯಿತು.

ಮಣ್ಣು ಮಾಡಿ ಬಂದ ಮೇಲೆ ನೆಂಟರಲ್ಲಿ ಹಿರಿಯ ಹೆಂಗಸೊಬ್ಬರು ಯಾರಿಗೆ ಎಷ್ಟು ದಿನದ ಸೂತಕ ಎಂದು ಹೇಳತೊಡಗಿದರು. ಮಗ, ಸೊಸೆ, ಮೊಮ್ಮಕ್ಕಳಿಗೆ ಹತ್ತು ದಿನ. ಸಮೇತನಹಳ್ಳಿಗೆ ಕೊಟ್ಟ ಮಗಳಿಗೆ, ಬೇರೆ ಮನೆ ಸೇರಿದವಳಾದ್ದರಿಂದ, ಮೂರೇ ದಿನ. ಆಮೇಲೆ ನನ್ನ ಕಡೆ ತಿರುಗಿ, "ಮೇಲಿನ ಮನೆ ಮೇಡಂಗೆ ಏನೂ ಇಲ್ಲ, ಅವ್ರು ಒಲೆ ಹಚ್ಬೋದು," ಎಂದರು. ಅನುಕೂಲವೇ ಆಯಿತು ಅವರಿಗೆ. ನಾನು ಮೇಲೆ ಹೋಗಿ ಅನ್ನ, ತಿಳಿಸಾರು ಮಾಡಿ ಕೆಳಗಿನ ಮನೆಗೆ ತಂದೆ. ಎಲ್ಲರೂ ಉಂಡರು. ಉಪ್ಪು ಸರಿಯಾಗಿತ್ತು ಎಂದರು.

ಮಾರನೆಯ ದಿನ ಶಾಲೆಗೂ ಹೋದೆ. ತೀರಿಹೋದವರು ನಿಮಗೇನಾಗಬೇಕು ಎಂದು ಜೊತೆಯ ಮೇಷ್ಟ್ರು ಕೇಳಿದರು. ಬೇರೆ ಪದ ಸಿಗಲಿಲ್ಲ, ಮನೆ ಓನರ್ ಎಂದೆ. ಹಾಗಾದರೆ ಮನೆ ಖಾಲಿ ಮಾಡಿಸುತ್ತಾರೇನು ಎಂದು ಅವರು ಚಿಂತೆಯಿಂದಲೇ ವಿಚಾರಿಸಿದರು. ಸಂಜೆ ದೀಪ ಹಚ್ಚಿದೆ, ಕೈ ತಾನಾಗಿ ಹಚ್ಚಿತು. ಹತ್ತು ದಿನ ಬೇಡ, ಒಂದು ದಿನದ ಸೂತಕವಾದರೂ ನನಗೆ ಕೊಡಿ ಎಂದು ಯಾರನ್ನು ಕೇಳುವುದು? ಕೇಳಿದರೆ ನಗುತ್ತಾರೆ. ಮೊದಲು ನಗುವವರೇ ಹೋಗಿದ್ದರು.

ಮೂರನೆಯ ದಿನ ಬೆಳಿಗ್ಗೆ ಅಜ್ಜಿಯ ಮಗಳು ಬಟ್ಟೆ ಹಿಡಿದು ಮೇಲೆ ಬಂದಳು. ಅವಳ ಸೂತಕ ಅಂದಿಗೆ ಮುಗಿಯುತ್ತಿತ್ತು. ಕೆಳಗೆ ಮಿಂದರೆ ಸೂತಕದವರು ಮತ್ತೆ ಮುಟ್ಟುತ್ತಾರೆಂದು ನನ್ನ ಬಚ್ಚಲಲ್ಲಿ ತಲೆಗೆ ನೀರು ಹಾಕಿಕೊಂಡು ಬಂದಳು. ಟವೆಲ್ ಸುತ್ತಿಕೊಳ್ಳುತ್ತಾ, "ಸೀಗೆಕಾಯಿ ಕಲ್ಸಿದ್ದು ಇನ್ನೂ ಇದೆ ಅಕ್ಕ, ನೀರೂ ಕಾದಿದೆ. ನೀವೂ ಹಾಕ್ಕೊಂಡ್ ಬನ್ನಿ," ಎಂದಳು.

ನನಗೇನೂ ಇಲ್ಲವಂತಲ್ಲ ಎಂದೆ.

"ನಂಗೊಬ್ಳಿಗೇ ಆಗ್ತಿಲ್ಲ. ಹಾಕ್ಕೊಂಡ್ ಬನ್ನಿ."

ಬಚ್ಚಲ ಬಾಗಿಲು ಹಾಕಿಕೊಂಡು ತಲೆಯ ಮೇಲೆ ನೀರು ಸುರಿದುಕೊಂಡೆ. ಅಳು ಆಗಲೂ ಬರಲಿಲ್ಲ. ಹೊರಗೆ ಬಂದಾಗ ಅವಳು ನನ್ನನ್ನು ನೆಲದ ಮೇಲೆ ಕೂರಿಸಿಕೊಂಡು ತಲೆ ಒರೆಸಿದಳು.