ನುಗ್ಗೆ ಗಿಡದ ಕೆಳಗೆ ಕೂರದವಳು

ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಶಾಲೆಯಿಂದ ಫೋನ್ ಬಂತು. ಆ ಕರೆ ಇನ್ನೂ ನನ್ನ ಮೊಬೈಲಿನಲ್ಲಿದೆ. ಅಳಿಸಬೇಕೆಂದು ಎಷ್ಟೋ ಸಲ ತೆರೆದಿದ್ದೇನೆ, ಅಳಿಸದೆ ಹಾಗೇ ಮುಚ್ಚಿಟ್ಟಿದ್ದೇನೆ. ಆಗ ನಾನು ಅಡುಗೆಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದೆ. ಆ ಕಡೆ ಶಾಲೆಯ ದೊಡ್ಡ ಮೇಡಂ.

"ಅಕ್ಕಾರ, ಲಗೂನ ಬರ್ರಿ. ಇಂಜೆಕ್ಷನ್ ಮಾಡಿಸ್ಕೊಂಡ ಹುಡುಗರಿಗೆಲ್ಲಾ ಮೈಮ್ಯಾಲ ದದ್ದು ಎದ್ದಾವು. ಮಂದಿ ಕೂಡ್ಯಾರ."

"ನನ್ನ ಮಗಳು?"

"ಇಲ್ಲೇ ಅದಾಳ್ರಿ. ನೀವು ಬರ್ರಿ ಮೊದಲ."

ನಮ್ಮದು ಕನಕಗಿರಿಯಿಂದ ನವಲಿಗೆ ಹೋಗುವ ದಾರಿಯಲ್ಲಿ ಸಿಗುವ ಸಣ್ಣ ಊರು. ಗಂಡನಿಗೆ ಕನಕಗಿರಿಯಲ್ಲಿ ಮೋಟಾರ್ ರಿಪೇರಿ ಅಂಗಡಿ. ನಾನು ಗಂಗಾವತಿಯಲ್ಲಿ ಬಿ.ಎಸ್ಸಿ. ಮುಗಿಸಿದವಳು, ಸಂಜೆ ಹೊತ್ತು ಊರಿನ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಮಗಳು ಐದನೆಯ ತರಗತಿ. ಆ ತರಗತಿಯ ಮಕ್ಕಳಿಗೆ ಧನುರ್ವಾಯು ಮತ್ತು ಗಂಟಲಮಾರಿ ತಡೆಯುವ ಲಸಿಕೆ ಹಾಕುತ್ತಾರೆಂದು ಮೊದಲೇ ತಿಳಿಸಿದ್ದರು. ಬೆಳಿಗ್ಗೆ ನಾನೇ ಅವಳಿಗೆ ತೋಳು ಸಡಿಲವಿರುವ ಅಂಗಿ ತೊಡಿಸಿ ಕಳಿಸಿದ್ದೆ.

ಸ್ಕೂಟಿ ಹತ್ತಿ ಹೋದೆ. ಶಾಲೆಯ ಅಂಗಳದಲ್ಲಿ ಸಂತೆ ನೆರೆದಂತೆ ಜನ. ನುಗ್ಗೆ ಗಿಡದ ಕೆಳಗೆ ಮಕ್ಕಳು ಕತ್ತು ಕೆರೆಯುತ್ತಿದ್ದರು, ಮುಂಗೈ ಕೆರೆಯುತ್ತಿದ್ದರು, ಒಬ್ಬರ ಕಿವಿಯ ಹಿಂದೆ ಒಬ್ಬರು ಕೆರೆದುಕೊಡುತ್ತಿದ್ದರು. ಎಲ್ಲರ ಚರ್ಮದ ಮೇಲೂ ಕೆಂಪು ಬರೆ. ತಾಯಂದಿರಲ್ಲಿ ಅರ್ಧದಷ್ಟು ಜನ ಗದ್ದೆಯ ನಾಟಿ ಬಿಟ್ಟು ಬಂದವರು, ಕಾಲಿಗೆ ಇನ್ನೂ ಹಸಿ ಕೆಸರು. ನಾನು ಯಾರ ಮುಖವನ್ನೂ ನೋಡದೆ ಮಗಳನ್ನು ಹುಡುಕಿದೆ. ಅವಳು ಅಂಗಳದ ಆ ತುದಿಯಲ್ಲಿ, ನೀರಿನ ಟಾಕಿಯ ಕಟ್ಟೆಯ ಮೇಲೆ ಒಬ್ಬಳೇ ಕಾಲು ಇಳಿಬಿಟ್ಟುಕೊಂಡು ಕೂತಿದ್ದಳು. ತೋಳು, ಕತ್ತು, ಮುಖ ಎಲ್ಲ ನೋಡಿದೆ. ಏನೂ ಇರಲಿಲ್ಲ.

"ನನಗೇನೂ ಆಗಿಲ್ಲವ್ವಾ. ಮನಿಗೆ ಹೋಗೂಣು?"

ಎದೆ ಹಗುರಾಯಿತು. ಆಮೇಲೆ ಉಳಿದವರ ಕಡೆ ತಿರುಗಿದೆ.

ಲಸಿಕೆ ಹಾಕಲು ಬಂದ ಸಿಸ್ಟರ್ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು. ಎದುರಿಗೆ, ನುಗ್ಗೆ ಗಿಡದ ನೆರಳಿನಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಪಂಚಾಯಿತಿ ಮೆಂಬರ್.

"ಡೇಟ್ ಮುಗಿದ ಔಷಧಿ ಹಳ್ಳಿ ಹುಡುಗರಿಗೆ ಚುಚ್ಚಾಕ ಬಂದೀರೇನು? ನಮ್ಮ ಹುಡುಗರು ಅಂದ್ರ ಕುರಿಮರಿ ಅಂತ ತಿಳದೀರಿ?"

"ಸೀಸೆ ಇಲ್ಲೇ ಐತ್ರಿ. ಡೇಟ್ ನೀವಾ ಓದಿ ನೋಡ್ರಿ."

"ನಾ ಕನ್ನಡಕ ತಂದಿಲ್ಲ."

"ಹಂಗಾದ್ರ ಯಾರ ಹತ್ರರ ಓದಿಸ್ರಿ."

"ನನಗ ಎದುರುತ್ತರ ಕೊಡ್ತೀಯೇನವಾ? ಗಾಡಿ ಹೆಂಗ ಊರು ಬಿಟ್ಟು ಹೋಗತೈತಿ ನೋಡ್ತೀನಿ."

ಇಬ್ಬರು ಹುಡುಗರು ಆಗಲೇ ಜೀಪಿನ ಮುಂದೆ ಕಲ್ಲು ತಂದಿಡುತ್ತಿದ್ದರು. ಮೆಂಬರ್ ಬೆರಳೆತ್ತಿ ಮತ್ತೇನೋ ಹೇಳಲು ಹೋದವನು ನಡುವೆಯೇ ಮಾತು ನುಂಗಿ ಕತ್ತಿಗೆ ಕೈ ಹಾಕಿದ. ಕಾಲರ್ ಒಳಗಿಂದ ಏನನ್ನೋ ಎಳೆದು ನೆಲಕ್ಕೆ ಒಗೆದ. ಬೆರಳುದ್ದದ ಕಂಬಳಿಹುಳ. ಎಲ್ಲರೂ ತಲೆ ಎತ್ತಿ ನೋಡಿದೆವು. ನುಗ್ಗೆ ಗಿಡದ ಬೊಡ್ಡೆಯ ಮೇಲೆ, ಕೊಂಬೆಗಳ ಮೇಲೆ ಹುಳಗಳು ಒಂದರ ಪಕ್ಕ ಒಂದು ಅಂಟಿಕೊಂಡಿದ್ದವು, ಕಂಬಳಿಯನ್ನೇ ಸುತ್ತಿದ ಹಾಗೆ. ಗಾಳಿ ಬೀಸಿದಾಗೊಮ್ಮೆ ಕೂದಲಿನಂಥ ಮುಳ್ಳು ಕೆಳಗೆ ಕೂತವರ ಮೇಲೆ ಉದುರುತ್ತಿತ್ತು.

ಲಸಿಕೆ ಹಾಕಿಸಿಕೊಂಡ ಮಕ್ಕಳು ಅರ್ಧ ತಾಸು ಕಣ್ಣೆದುರಿಗೇ ಇರಬೇಕು ಎಂದು ಸಿಸ್ಟರ್ ಹಟ ಹಿಡಿದಿದ್ದರಂತೆ. ಬಿಸಿಲೆಂದು ಮೇಡಂ ಅವರನ್ನೆಲ್ಲ ಆ ಗಿಡದ ನೆರಳಿಗೆ ಕೂರಿಸಿದ್ದರು.

ಒಬ್ಬ ಮುದುಕಿ ಸೊಂಟಕ್ಕೆ ಕೈ ಕೊಟ್ಟು, "ಮೆಂಬರಪ್ಪಾ, ನಿನಗೂ ಇಂಜೆಕ್ಷನ್ ಮಾಡ್ಯಾರೇನು? ನೀನೂ ಕೆರಕೊಳ್ಳಾಕ ಹತ್ತೀಯಲ್ಲ" ಅಂದಳು.

ಇಡೀ ಅಂಗಳ ನಕ್ಕಿತು. ಸಿಸ್ಟರ್ ಕೂಡ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಕಲ್ಲು ತಂದಿಟ್ಟ ಹುಡುಗರೇ ಅದನ್ನು ಎತ್ತಿ ಬದಿಗೆ ಹಾಕಿದರು. ಬಿಸಿಯೂಟದ ಕೋಣೆಯಿಂದ ಕೊಬ್ಬರಿ ಎಣ್ಣೆ ಬಂತು. ಸಿಸ್ಟರ್ ಒಬ್ಬೊಬ್ಬರನ್ನೇ ನೋಡಿ, ಟಾಕಿಯ ಕಡೆಗೂ ಹೋಗಿ ನನ್ನ ಮಗಳ ಕೈ ಹಿಡಿದು ನೋಡಿ, ಜೀಪ್ ಹತ್ತಿದರು. ನವಲಿಯ ಶಾಲೆಯಲ್ಲಿ ಮಕ್ಕಳು ಕಾಯುತ್ತಿದ್ದರು.

ಜೀಪಿನ ಧೂಳು ಅಡಗುವ ಮೊದಲೇ ಮಗಳು ನನ್ನ ಹತ್ತಿರ ಬಂದಳು. ಅಂಗಿ ಎತ್ತಿ ಹೊಟ್ಟೆ ಕೆರೆಯುತ್ತಿದ್ದಳು.

"ಏ, ನಿನಗೂ ಹುಳ ತಾಗೇತೇನು?" ಎಂದು ದೊಡ್ಡ ಮೇಡಂ ನಕ್ಕರು. "ಬಾ, ಎಣ್ಣಿ ಹಚ್ತೀನಿ."

ನಾನೂ ಎಣ್ಣೆಯ ಬಟ್ಟಲಿಗೆ ಬೆರಳು ಅದ್ದಿದ್ದೆ. ಅಲ್ಲೇ ನನ್ನ ಕೈ ನಿಂತಿತು. ಇವಳು ಗಿಡದ ಕೆಳಗೆ ಕೂತೇ ಇರಲಿಲ್ಲ. ಕಂಬಳಿಹುಳ ಕಂಡರೆ ಸಾಕು, ಚೀರಿ ಊರು ಒಂದು ಮಾಡುವವಳು. ಒಮ್ಮೆ ಸಾರಿಗೆ ತಂದ ನುಗ್ಗೆ ಸೊಪ್ಪಿನಲ್ಲಿ ಒಂದು ಹುಳ ಸಿಕ್ಕಿದ್ದಕ್ಕೆ ಅಂದಿನಿಂದ ನುಗ್ಗೆಕಾಯಿ ಹಾಕಿದ ಸಾರನ್ನು ಮುಟ್ಟಿಲ್ಲ. ಅದಕ್ಕೇ ಅಷ್ಟು ದೂರ, ಬಿಸಿಲಿನಲ್ಲಿ, ಟಾಕಿಯ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು.

"ನೀ ಗಿಡದ ಬುಡಕ ಹೋಗಿದ್ದೇನು?"

"ಇಲ್ಲವ್ವಾ. ನಾ ಯಾಕ ಹೋಗ್ಲಿ?" ಅವಳ ದನಿ ಗೊಗ್ಗರಾಗಿತ್ತು. ಒಂದು ಒಣ ಕೆಮ್ಮು ಬಂತು. "ಅವ್ವಾ, ನಾಲಿಗಿ ದಪ್ಪ ಆಗೇತಿ."

ಅಂಗಿ ಪೂರ್ತಿ ಎತ್ತಿದೆ. ಉಳಿದ ಮಕ್ಕಳಿಗೆ ಗಾಳಿಗೆ ತೆರೆದಿದ್ದ ಜಾಗದಲ್ಲಿ ಮಾತ್ರ ಬರೆ ಎದ್ದಿತ್ತು. ಇವಳಿಗೆ ಬಟ್ಟೆ ಮುಚ್ಚಿದ ಹೊಟ್ಟೆ, ಬೆನ್ನು, ತೊಡೆ ತುಂಬ ಅಗಲ ಅಗಲ ಗಂಧೆ. ಒಂದು ಗಂಧೆ ಇನ್ನೊಂದಕ್ಕೆ ಕೂಡಿಕೊಳ್ಳುವುದು ನನ್ನ ಕಣ್ಣಿಗೇ ಕಾಣುತ್ತಿತ್ತು. ಮೇಲ್ದುಟಿ ಬಾತು ಮಗಳ ಮುಖ ಬೇರೆ ಯಾರದೋ ಮುಖದಂತೆ ಆಗುತ್ತಿತ್ತು.

ಮೇಡಂ ಸಿಸ್ಟರಿಗೆ ಫೋನ್ ಹಚ್ಚಿದರು. ಹತ್ತಲಿಲ್ಲ. ಇನ್ನೊಮ್ಮೆ ಹಚ್ಚಿದರು.

"ಹಿಂದ ಕುಂದರ್ರಿ ಮೇಡಂ," ಅಂದೆ.

"ನಾ ಸ್ಕೂಟಿ ಮ್ಯಾಲ ಎಂದೂ ಕುಂತಿಲ್ಲ ಅಕ್ಕಾರ."

"ಇವತ್ತ ಕುಂದರ್ರಿ."

ಮಗಳನ್ನು ನಡುವೆ ಕೂರಿಸಿ ಮೇಡಂ ಎರಡೂ ಕೈಯಿಂದ ನನ್ನ ಸೊಂಟ ಹಿಡಿದರು. ಜೀಪ್ ಹೋದ ನವಲಿಯ ದಾರಿ ಹಿಡಿದೆ. ಆ ದಾರಿಯಲ್ಲಿ ನಾನು ಇವತ್ತಿಗೂ ಸ್ಕೂಟಿ ಓಡಿಸುತ್ತಲೇ ಇದ್ದೇನೆ, ಪಾತ್ರೆ ತೊಳೆಯುವಾಗ, ಮಕ್ಕಳಿಗೆ ಲೆಕ್ಕ ಹೇಳುವಾಗ. ಎರಡೂ ಬದಿ ಕಾಲುವೆ ನೀರು ತುಂಬಿದ ಗದ್ದೆ, ನಡುವೆ ಗುಂಡಿ ಬಿದ್ದ ಡಾಂಬರು, ಬೆನ್ನಿಗೆ ಅಂಟಿದ ಮಗಳ ಎದೆಯಿಂದ ಬರುವ ಸಿಳ್ಳೆಯಂಥ ಉಸಿರು. ಆ ಸಿಳ್ಳೆ ಕೇಳುತ್ತಿರುವ ತನಕ ಅವಳು ಇದ್ದಾಳೆ ಎಂದುಕೊಂಡು ಓಡಿಸಿದೆ. ಹಿಂದಿನಿಂದ ಮೇಡಂ, "ಕಣ್ಣು ತಗಿ ಪುಟ್ಟಿ, ಎರಡರ ಮಗ್ಗಿ ಹೇಳು, ಹೇಳು" ಎಂದು ಕೂಗುತ್ತಿದ್ದರು. ಎರಡೊಂದ್ಲೆ ಎರಡು ಅಂದಳು. ಮುಂದಿನದನ್ನು ಹೇಳಲಿಲ್ಲ.

ತಿರುವು ದಾಟಿದೆ. ಜೀಪ್ ನಿಂತಿತ್ತು. ಅದರ ಮುಂದೆ ರಸ್ತೆ ತುಂಬ ಕುರಿ.

ಜೀಪಿನ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಕುರಿಯವನು ಹೆಗಲ ಮೇಲೆ ಕೋಲು ಅಡ್ಡ ಇಟ್ಟು, "ಎಷ್ಟರ ಒದರಿಸು ತಮ್ಮಾ, ಅವಕ್ಕ ಕಿವಿ ಕೇಳೂದಿಲ್ಲ" ಅನ್ನುತ್ತಿದ್ದ. ಆ ಕುರಿಗಳ ಕಾಲು ಹಿಡಿಯಬೇಕು ಅನ್ನಿಸಿತು ನನಗೆ.

ಸಿಸ್ಟರ್ ಮಗಳ ಮುಖ ಒಂದು ಸಲ ನೋಡಿದರು. ಜೀಪಿನ ಹಿಂದಿನ ಸೀಟಿನ ಮೇಲೆ ಮಲಗಿಸಿ, ಲಸಿಕೆ ತಂದಿದ್ದ ತಂಪು ಡಬ್ಬಿಯ ಮೇಲೆ ಅವಳ ಕಾಲು ಎತ್ತರಿಸಿ ಇಟ್ಟರು. ಚೀಲದಿಂದ ಇನ್ನೊಂದು ಸಣ್ಣ ಡಬ್ಬಿ ತೆಗೆದು ಸೂಜಿಗೆ ಔಷಧ ಎಳೆದರು.

ಆ ಸೂಜಿ ಕಂಡಾಗ ನನ್ನ ಕೈ ತಾನಾಗಿಯೇ ಹೋಗಿ ಅವರ ಮುಂಗೈ ಹಿಡಿಯಿತು. ಬೆಳಿಗ್ಗೆಯ ಸೂಜಿಯಿಂದ ಹೀಗಾದ ಮಗಳಿಗೆ ಮತ್ತೊಂದು ಸೂಜಿ. ಓದಿದ್ದೆಲ್ಲ ಆ ಗಳಿಗೆಯಲ್ಲಿ ನನಗೆ ಒಂದು ಅಕ್ಷರದಷ್ಟೂ ಸಹಾಯಕ್ಕೆ ಬರಲಿಲ್ಲ.

"ಕೈ ಬಿಡ್ರಿ ಅಕ್ಕಾರ," ಅಂದರು ಸಿಸ್ಟರ್. ದನಿ ಏರಿಸಲಿಲ್ಲ. "ಇದು ಅದನ್ನ ನಿಲ್ಲಸೂ ಔಷಧಿ. ಕೈ ಬಿಡ್ರಿ, ಹೊತ್ತಿಲ್ಲ."

ಬಿಟ್ಟೆ. ತೊಡೆಗೆ ಚುಚ್ಚಿದರು.

ಆಮೇಲೆ ಕಾಯುವುದು. ಕುರಿಗಳು ಜೀಪಿಗೆ ಮೈ ಉಜ್ಜಿಕೊಂಡು ದಾಟುತ್ತಲೇ ಇದ್ದವು. ಮೇಡಂ ಸೆರಗಿನಿಂದ ಗಾಳಿ ಹಾಕುತ್ತಿದ್ದರು. ಮೊದಲು ಸಿಳ್ಳೆ ಸಣ್ಣದಾಯಿತು. ಆಮೇಲೆ ಅವಳ ಕೈ ಕಾಲು ನಡುಗತೊಡಗಿದವು. ನಾನು ಹೆದರಿದೆ. "ನಡಗ್ಲಿ ಬಿಡ್ರಿ, ಔಷಧಿ ಹತ್ತೇತಿ ಅಂತ ಅರ್ಥ" ಅಂದರು ಸಿಸ್ಟರ್. ಬಿಳಿಚಿದ್ದ ಕೆನ್ನೆಗೆ ಬಣ್ಣ ಬಂತು. ಮಗಳು ಕಣ್ಣು ತೆರೆದು ಕಿಟಕಿಯ ಕಡೆ ನೋಡಿದಳು.

"ಅವ್ವಾ, ಇಷ್ಟ್ಯಾಕ ಕುರಿ?"

ಮೇಡಂ ಗೊಳೋ ಎಂದು ಅಳತೊಡಗಿದರು. ನಾನು ಅಳಲಿಲ್ಲ, ನಗು ಬಂತು, ತಡೆಯಲಾರದಂಥ ನಗು. ಜೀಪ್ ನಮ್ಮನ್ನು ಹೊತ್ತು ಗಂಗಾವತಿಯ ಕಡೆ ತಿರುಗಿತು. ದಾರಿಯುದ್ದಕ್ಕೂ ಸಿಸ್ಟರ್ ಅವಳ ನಾಡಿ ಹಿಡಿದೇ ಇದ್ದರು. ಸ್ಕೂಟಿ ರಸ್ತೆಯ ಬದಿಯಲ್ಲೇ ಉಳಿಯಿತು. ಸಂಜೆ ನನ್ನ ಮೈದುನ ಹೋಗಿ ನೋಡಿದರೆ ಕುರಿಯವನು ಅದರ ಪಕ್ಕದಲ್ಲೇ ಕೂತು ಕಾಯುತ್ತಿದ್ದನಂತೆ. ಅವನ ಹಿಂಡಿನ ಒಂದು ಆಡು ಸೀಟಿನ ಕವರನ್ನು ಅರ್ಧ ಮೆದ್ದಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರ್ ಸಮಾಧಾನವಾಗಿ ಹೇಳಿದರು. ಲಸಿಕೆಗೆ ಮೈ ಹೀಗೆ ತಿರುಗಿ ಬೀಳುವುದು ತೀರ ಅಪರೂಪ, ಇವಳಿಗೆ ಹಾಗಾಯಿತು, ಔಷಧ ಹೊತ್ತಿಗೆ ಬಿತ್ತು. ಮುಂದೆ ಯಾವ ಲಸಿಕೆ ಇದ್ದರೂ ಮೊದಲು ತಜ್ಞರನ್ನು ಕಂಡೇ ಹಾಕಿಸಬೇಕು. ಕೊನೆಗೆ ಒಂದು ಮಾತು ಸೇರಿಸಿದರು: "ಇಳಿದದ್ದು ಇವತ್ತು ರಾತ್ರಿಯೊಳಗೆ ಮತ್ತೆ ಬರಬಹುದು, ಅದಕ್ಕೇ ಇಲ್ಲಿ ಇಟ್ಟುಕೊಳ್ತೇವೆ."

ಮತ್ತೆ ಬರಲಿಲ್ಲ. ಮರುದಿನ ಮನೆಗೆ ಬಂದೆವು. ಇನ್ನು ಭಯವಿಲ್ಲ ಎಂದು ಅವರೇ ಹೇಳಿ ಕಳಿಸಿದರು. ನಮ್ಮ ಕಿವಿಯಲ್ಲಿ ಮಾತ್ರ ಉಳಿದದ್ದು ಆ "ಮತ್ತೆ ಬರಬಹುದು".

ಊರಲ್ಲಿ ಅಷ್ಟರಲ್ಲಿ ಸುದ್ದಿ ಬೇರೆಯೇ ಆಗಿತ್ತು. ಸಕ್ಕರೆ ತರಲು ಹೋದ ಮಗಳು ನಗುತ್ತ ಓಡಿ ಬಂದಳು.

"ಅವ್ವಾ, ನಾ ಸತ್ತೇನಂತ. ಕಿರಾಣಿ ಅಂಗಡ್ಯಾಗ ಹೇಳಾಕ ಹತ್ತಿದ್ರು. ನನ್ನ ನೋಡಿ ಕಾಕಾ ಸಕ್ಕರಿ ಚೆಲ್ಲಿದ."

ಕುಷ್ಟಗಿಯಿಂದ ನನ್ನ ತಾಯಿ ಹೊತ್ತಿಗೊಮ್ಮೆ ಫೋನ್ ಮಾಡಿ, "ಅಕಿ ಕೈಯಾಗ ಕೊಡು, ದನಿ ಕೇಳ್ತೀನಿ" ಅನ್ನುತ್ತಿದ್ದಳು.

ಹಗಲು ಹೇಗೋ ಕಳೆಯುತ್ತಿತ್ತು. ಮಲಗಿದ ಮೇಲೆ ನಾನು ಎದ್ದು ಮಗಳ ಮೂಗಿನ ಹತ್ತಿರ ಬೆರಳು ಹಿಡಿಯುತ್ತಿದ್ದೆ. ನಾನು ಬಂದು ಮಲಗಿದರೆ ಗಂಡ ನೀರು ಕುಡಿಯುವ ನೆವದಲ್ಲಿ ಎದ್ದು ಹೋಗಿ ಹೊಟ್ಟೆಯ ಮೇಲೆ ಟಾರ್ಚ್ ಬಿಟ್ಟು ಗಂಧೆ ಹುಡುಕುತ್ತಿದ್ದ. ನಾವಿಬ್ಬರೂ ಇದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ಬೆಳಿಗ್ಗೆ ಇಬ್ಬರ ಕಣ್ಣೂ ಕೆಂಪು. ಅಂಗಡಿಯಲ್ಲಿ ಅವನು ಒಂದು ಮೋಟಾರಿಗೆ ತಂತಿಯನ್ನೇ ಉಲ್ಟಾ ಸುತ್ತಿಟ್ಟನಂತೆ.

ಕೊನೆಗೆ ಒಂದು ಭಾನುವಾರ ಸಂಜೆ ಮಗಳೇ ತನ್ನ ಹಾಸಿಗೆ ಸುತ್ತಿ ಎತ್ತಿಕೊಂಡಳು.

"ಎಲ್ಲಿಗೆ ಹೊಂಟಿ?"

"ಅಮ್ಮನ ಖೋಲಿಗೆ. ಅಪ್ಪ ಕಣ್ಣಾಗ ಬ್ಯಾಟರಿ ಬಿಡ್ತಾನ. ನೀ ಮೂಗಿಗೆ ಕೈ ತರ್ತಿ, ನಿನ್ನ ಕೈ ಉಳ್ಳಾಗಡ್ಡಿ ನಾರತೈತಿ. ನನಗ ನಿದ್ದಿ ಇಲ್ಲ."

ಅಮ್ಮ ಅಂದರೆ ನನ್ನ ಅತ್ತೆ. ಅವರು ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡಿ, "ಕೂಸಿಗೆ ಬಂದ ಜಡ್ಡು ಹೋಗೇತಿ. ನಿಮಗ ಹತ್ತಿದ್ದು ಹೋಗಿಲ್ಲ" ಎಂದು ಮೊಮ್ಮಗಳನ್ನು ಒಳಗೆ ಕರೆದುಕೊಂಡು ಚಿಲಕ ಹಾಕಿಕೊಂಡರು.

ನಾನು ಆ ಬಾಗಿಲಿಗೆ ಕಿವಿ ಕೊಟ್ಟೆ. ಮಗಳ ಉಸಿರು ಕೇಳಲು ಸಾಧ್ಯವೇ ಇರಲಿಲ್ಲ. ಕೇಳುತ್ತಿದ್ದದ್ದು ಅತ್ತೆಯ ಗೊರಕೆ ಒಂದೇ, ಹಿಟ್ಟಿನ ಗಿರಣಿ ಓಡಿದ ಹಾಗೆ. ತಿರುಗಿ ನೋಡಿದರೆ ಹಿಂದೆ ಗಂಡ, ಕೈಯಲ್ಲಿ ಟಾರ್ಚ್. ಇಬ್ಬರೂ ಸಿಕ್ಕಿಬಿದ್ದೆವು. ಅವನು ಟಾರ್ಚ್ ಆರಿಸಿ, "ನಡಿ" ಅಂದ.

ಸೋಮವಾರ ನಮ್ಮನ್ನು ಎಬ್ಬಿಸಿದ್ದು ಮಗಳು. ಸಮವಸ್ತ್ರ ತೊಟ್ಟು, ಜಡೆಗೆ ಹಾಕುವ ರಿಬ್ಬನ್ ಹಿಡಿದು ತಲೆದೆಸೆಯಲ್ಲಿ ನಿಂತಿದ್ದಳು. ಹೊರಗೆ ಬಿಸಿಲು ಅಂಗಳ ತುಂಬಿತ್ತು.

"ಏಳ್ರಿ ಇಬ್ಬರೂ. ಸಾಲಿ ಗಂಟಿ ಹೊಡದ್ರು."