ಗಡ್ಡೆ ಸಾಕುವ ಚಿಕ್ಕಮ್ಮ

ಪ್ರಯೋಗಾಲಯದವರೆಲ್ಲ 'ಚಿಕ್ಕಮ್ಮ' ಎಂದು ಕರೆಯುವವಳ ಕಸುಬು, ರೋಗಿಗಳ ಕ್ಯಾನ್ಸರ್ ಗಡ್ಡೆಯ ಚೂರುಗಳನ್ನು ತಟ್ಟೆಗಳಲ್ಲಿ ಬೆಳೆಸಿ, ಅವು ಯಾವ ಔಷಧಿಗೆ ಸಾಯುತ್ತವೆಂದು ನೋಡುವುದು. ಅವಕ್ಕೆ ಉಣಿಸುವ ರೋಬೊಟ್ ಇವಳಿಗೆ ಮನೆಯಳಿಯ. ಫೋಟೋ ನೋಡಿ ಸತ್ತವೆಷ್ಟು, ಉಳಿದವೆಷ್ಟು ಎಂದು ಹೇಳುವ ಎಐ, ಕೊಂಕು ತೆಗೆಯುವ ಬೀಗಿತ್ತಿ. "ಅಳಿಯಂದ್ರಿಗೆ ಎಸಿ ಇಲ್ದಿದ್ರೆ ಕೈಯೇ ಏಳಲ್ಲ, ಬೀಗಿತ್ತಿಗೆ ಫೋಟೋದಲ್ಲಿ ಒಂದು ಗಾಳಿಗುಳ್ಳೆ ಕಂಡ್ರೂ ರಂಪ!" ಎಂದು ಬಂದವರೆದುರು ದೂರುತ್ತಾಳೆ. ಸಾಸಿವೆಗಿಂತ ಸಣ್ಣ ಗಡ್ಡೆಗಳನ್ನು "ದಪ್ಪ ಆದ್ಯಾ ಬಂಗಾರಾ?" ಎಂದು ಮುದ್ದಿಸುವವಳೂ ಇವಳೇ, ಬೀಗಿತ್ತಿ "ಎಲ್ಲ ಸತ್ತಿವೆ" ಎಂದೊಡನೆ ಕುರ್ಚಿಸಮೇತ ಗಿರಗಿರನೆ ತಿರುಗಿ ಕೇಕೆ ಹಾಕುವವಳೂ ಇವಳೇ. ಒಂದೇ ಒಂದು ತಟ್ಟೆಗೆ ಮಾತ್ರ ಮುದ್ದಿಲ್ಲ. ಅದು ಆಸ್ಪತ್ರೆಯಲ್ಲಿ ಮಲಗಿರುವ ಸ್ವಂತ ಅಕ್ಕನ ಗಡ್ಡೆ. ಅದಕ್ಕೆ ಹೊಸ ಔಷಧಿ ಬಿದ್ದಾಗಲೆಲ್ಲ ಗಾಜಿಗೆ ಮೂಗು ಒತ್ತಿ ಗೋಗರೆಯುತ್ತಾಳೆ: "ನಿನ್ ದಮ್ಮಯ್ಯ, ಸತ್ತೋಗೇ!"